ಮೊದಲನೆಯ ಸಂಪುಟ

ನನ್ನ ಹದಿನೈದನೆಯ ವಯಸ್ಸಿನ ಬೇಸಗೆಯ ರಜೆಯಲ್ಲಿ, ಅಜ್ಜಿಯ ಮನೆಯ ಅಟ್ಟದ ಮೇಲೆ, ಹುಣಿಸೆಹಣ್ಣಿನ ಗಡಿಗೆಗಳಿಗೂ ಮುರಿದ ತೊಟ್ಟಿಲಿಗೂ ನಡುವೆ ಇದ್ದ ತಗಡಿನ ಪೆಟ್ಟಿಗೆಯೊಂದರಲ್ಲಿ, ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ರೈಲ್ವೆಯ ನೌಕರಿಗೆ ಸೇರಿದ್ದ ಸೋದರಮಾವನ ಪುಸ್ತಕಗಳ ಅಡಿಯಲ್ಲಿ, ಆನ್ ರಾಡ್‌ಕ್ಲಿಫ್ ಎಂಬಾಕೆ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಎಂಬ ಕಾದಂಬರಿ ನನಗೆ ದೊರಕಿತು. 1794ರಲ್ಲಿ ಲಂಡನ್ನಿನಲ್ಲಿ ನಾಲ್ಕು ಸಂಪುಟಗಳಾಗಿ ಹೊರಬಂದ ಆ ಗ್ರಂಥವನ್ನು ಮುಂದಿನ ಪ್ರಕಾಶಕರು ಎರಡಕ್ಕೆ ಇಳಿಸಿದ್ದರು. ಪೆಟ್ಟಿಗೆಯಲ್ಲಿದ್ದುದು ಮೊದಲನೆಯದು ಮಾತ್ರ.

ನಮ್ಮದು ಬಯಲುಸೀಮೆಯ ಊರು. ಬೆಟ್ಟವೆಂದರೆ ಊರಾಚೆಯ ಬೋಳುಗುಡ್ಡ, ಕೋಟೆಯೆಂದರೆ ದನ ಮೇಯುವ ಮಣ್ಣಿನ ದಿಬ್ಬ. ಅಂಥಲ್ಲಿ ಜಗಲಿಯ ಕಂಬಕ್ಕೆ ಒರಗಿ ಕುಳಿತು, ಪುಟಕ್ಕೆ ಹತ್ತು ಸಲ ನಿಘಂಟನ್ನು ತಿರುವುತ್ತ, ಎಮಿಲಿ ಎಂಬ ತಬ್ಬಲಿ ಹುಡುಗಿ ತನ್ನ ಸೋದರತ್ತೆಯೊಡನೆಯೂ ಆ ಅತ್ತೆಯನ್ನು ಮದುವೆಯಾದ ಮೊಂಟೋನಿ ಎಂಬ ಕ್ರೂರಿಯೊಡನೆಯೂ ಇಟಲಿಯ ಅಪೆನೈನ್ ಪರ್ವತಗಳನ್ನೇರಿ, ಸಂಜೆಯ ಕೊನೆಯ ಬೆಳಕು ಗೋಡೆಗಳಿಂದ ಮೆಲ್ಲಮೆಲ್ಲನೆ ಜಾರಿ ಬುರುಜುಗಳ ತುದಿಯಲ್ಲಷ್ಟೇ ಉಳಿದಿರುವ ಹೊತ್ತಿಗೆ ಉಡಾಲ್ಫೊ ದುರ್ಗದ ಬಾಗಿಲಿಗೆ ಬಂದು ನಿಲ್ಲುವುದನ್ನು ಓದಿದಾಗ, ಆ ಉರಿಬಿಸಿಲಿನಲ್ಲಿಯೂ ನನ್ನ ಮೈ ತಣ್ಣಗಾಯಿತು. ಇಟಲಿಯ ನೆಲವನ್ನು ಆ ಲೇಖಕಿ ಎಂದೂ ಮೆಟ್ಟಿರಲಿಲ್ಲವೆಂದೂ, ಪ್ರವಾಸಿಗರ ಗ್ರಂಥಗಳನ್ನೂ ಹಿಂದಿನ ಚಿತ್ರಕಾರರ ಭೂದೃಶ್ಯಗಳನ್ನೂ ಆಧರಿಸಿ, ಪತ್ರಿಕೆಯ ಕೆಲಸದಿಂದ ತಡವಾಗಿ ಮರಳುವ ಗಂಡನಿಗಾಗಿ ಕಾಯುತ್ತ, ರಾತ್ರಿಯ ಏಕಾಂತದಲ್ಲಿ ಆ ಪರ್ವತಗಳನ್ನು ಸೃಷ್ಟಿಸಿದಳೆಂದೂ ನಾನು ತಿಳಿದುದು ಬಹಳ ಕಾಲದ ಮೇಲೆ. ಕಾಣದವಳು ಬರೆದುದನ್ನು ಕಾಣದವನು ಓದಿ ಕಂಡನಲ್ಲ ಎಂಬ ಸಂತೋಷ ನನಗೆ ಇಂದಿಗೂ ಉಂಟು.

ಆ ದುರ್ಗದ ಒಂದು ಕೋಣೆಯಲ್ಲಿ ಗೋಡೆಗೆ ಕಪ್ಪು ತೆರೆಯೊಂದು ಇಳಿಬಿದ್ದಿದೆ. ಎಮಿಲಿ ಅದನ್ನು ಎತ್ತುತ್ತಾಳೆ. ಎತ್ತಿದವಳು ತಕ್ಷಣವೇ ಕೈಬಿಟ್ಟು ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಅವಳು ಕಂಡುದು ಏನೆಂಬುದನ್ನು ಲೇಖಕಿ ಹೇಳುವುದಿಲ್ಲ. ನೂರಾರು ಪುಟಗಳು ಕಳೆದರೂ ಹೇಳುವುದಿಲ್ಲ. ನನ್ನ ಸಂಪುಟವೂ ಹೇಳದೆಯೇ ಮುಗಿಯಿತು. ರಾತ್ರಿ ತೊಟ್ಟಿಯ ಅಂಚಿನಲ್ಲಿ ಮಲಗಿ ಆಕಾಶವನ್ನು ನೋಡುವಾಗಲೆಲ್ಲ ಆ ತೆರೆ ಕಣ್ಣಿಗೆ ಕಟ್ಟುತ್ತಿತ್ತು. ಅದರ ಹಿಂದೆ ನಾನು ಇಡದ ವಸ್ತುವಿಲ್ಲ.

ಈ ಕಥೆಯನ್ನು ನಾನು ಹೇಳಿದುದು ಒಬ್ಬರಿಗೇ, ತಾತನ ತಂಗಿಯಾದ ಚಿಕ್ಕಜ್ಜಿಗೆ. ಎಂಟನೆಯ ವಯಸ್ಸಿಗೆ ಮದುವೆಯಾಗಿ ಹನ್ನೊಂದಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಆಕೆ, ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನು ಎಳೆದುಕೊಂಡು, ನಡುಮನೆಯ ಹಿಂದಣ ಕಿಟಕಿಯಿಲ್ಲದ ಕೋಣೆಯಲ್ಲಿ ಬತ್ತಿ ಹೊಸೆಯುತ್ತ ಅರವತ್ತು ವರ್ಷ ಕಳೆದಿದ್ದರು. ಹೊಸ್ತಿಲಾಚೆ ಕುಳಿತು ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ತೆರೆಯನ್ನೆತ್ತುವ ಪ್ರಸಂಗವನ್ನು ನನ್ನ ಕೈಲಾದ ಭಯಂಕರತೆಯಿಂದ ವರ್ಣಿಸಿ, ಅವರ ಮುಖವನ್ನೇ ನೋಡುತ್ತ ನಿಲ್ಲಿಸಿದೆ. ಚಿಕ್ಕಜ್ಜಿ ಬತ್ತಿಯನ್ನು ಪಕ್ಕಕ್ಕಿಟ್ಟು, “ಅದಿರಲಿ ಕಣಪ್ಪ, ಆ ಅತ್ತೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳೇನು?” ಎಂದರು.

ಅತ್ತೆಯ ವಿಷಯವನ್ನು ನಾನು ಅವಸರದಲ್ಲಿ ದಾಟಿಸಿದ್ದೆ. ಫ್ರಾನ್ಸಿನಲ್ಲಿದ್ದ ಅವಳ ಸ್ವಂತ ಆಸ್ತಿಯನ್ನು ತನ್ನ ಹೆಸರಿಗೆ ಬರೆದುಕೊಡೆಂದು ಮೊಂಟೋನಿ ಪೀಡಿಸುವುದು, ಅವಳು ಒಪ್ಪದಿರುವುದು, ಪೂರ್ವದ ಗೋಪುರದಲ್ಲಿ ಕೂಡಿಹಾಕುವೆನೆಂದು ಅವನು ಬೆದರಿಸುವುದು, ಇವೆಲ್ಲ ನನಗೆ ತೆರೆಯನ್ನು ಮುಟ್ಟಲು ತುಳಿಯಬೇಕಾದ ದಾರಿ ಮಾತ್ರವಾಗಿದ್ದುವು. “ಗೊತ್ತಿಲ್ಲ ಚಿಕ್ಕಜ್ಜಿ, ಪುಸ್ತಕ ಅಲ್ಲಿಗೇ ಮುಗಿದುಹೋಗಿದೆ” ಎಂದೆ. ಅವರು ಮತ್ತೆ ಬತ್ತಿ ಹೊಸೆಯತೊಡಗಿದರು.

ಮುಂದೆ ಕಾಲೇಜಿನಲ್ಲಿ ಈ ಜಾತಿಯ ಕಾದಂಬರಿಗಳಿಗೆ ಗಾತಿಕ್ ಎಂಬ ಹೆಸರುಂಟೆಂದು ತಿಳಿಯಿತು. ಮೊದಲನೆಯದೆನಿಸಿದ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು ಓದಿದೆ, ಮದುವೆಯ ದಿನ ಆಕಾಶದಿಂದ ಬಿದ್ದ ಬೃಹತ್ ಶಿರಸ್ತ್ರಾಣದಡಿಯಲ್ಲಿ ಮದುಮಗ ಅಪ್ಪಚ್ಚಿಯಾಗುವ ಆ 1764ರ ಕೃತಿ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬೆ’ಯಲ್ಲಾದರೋ ನನ್ನ ಬಂಧುವೇ ಸಿಕ್ಕಿದಳು: ಹದಿನೇಳರ ಕ್ಯಾಥರೀನ್ ‘ಉಡಾಲ್ಫೊ’ವನ್ನು ಓದುತ್ತ ಅದೇ ಕಪ್ಪು ತೆರೆಯ ಮುಂದೆ ನಿಂತಿದ್ದಾಳೆ, ಹಿಂದೇನಿದೆಯೆಂದು ಹೇಳಬೇಡವೆಂದು ಗೆಳತಿಯನ್ನು ತಡೆಯುತ್ತಾಳೆ. ಆಸ್ಟೆನ್ ಕೂಡ ಹೇಳಲಿಲ್ಲ! ರಾಡ್‌ಕ್ಲಿಫ್ ತೀರಿಕೊಂಡ ಮೂರು ವರ್ಷಕ್ಕೆ, 1826ರಲ್ಲಿ, ಆಕೆಯ ಲೇಖನವೊಂದು ಪ್ರಕಟವಾಯಿತು. ಅದರಲ್ಲಿ ಆತ್ಮವನ್ನು ಹಿಗ್ಗಿಸಿ ಎಚ್ಚರಿಸುವ ಭೀತಿಯೇ ಬೇರೆ, ಅದನ್ನು ಕುಗ್ಗಿಸಿ ಮರಗಟ್ಟಿಸುವ ಘೋರವೇ ಬೇರೆ ಎಂದು ಆಕೆ ವಿಂಗಡಿಸಿದ್ದಾಳೆ. ಭಯವನ್ನು ಸ್ಥಾಯಿಯಾಗುಳ್ಳ ಭಯಾನಕವನ್ನೂ ಜುಗುಪ್ಸೆಯನ್ನು ಸ್ಥಾಯಿಯಾಗುಳ್ಳ ಬೀಭತ್ಸವನ್ನೂ ಭರತನಿಂದಲೇ ಬೇರೆಬೇರೆಯಾಗಿ ಎಣಿಸಿಕೊಂಡು ಬಂದ ನಮಗೆ ಆ ಮಾತು ಅಪರಿಚಿತವೆನಿಸದು. ಮುಚ್ಚಿದ ತೆರೆ ಭಯಾನಕ, ತೆರೆದ ತೆರೆ ಬೀಭತ್ಸ.

ಎರಡನೆಯ ಸಂಪುಟ ನನ್ನ ಕೈಸೇರಿದಾಗ ನನಗೆ ನಲವತ್ತು ಕಳೆದಿತ್ತು. ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ, ನೆಲದ ಮೇಲಿನ ರಾಶಿಯಲ್ಲಿ ಅದು ಬಿದ್ದಿತ್ತು. ನಿಂತಲ್ಲೇ ಕೊನೆಯ ಅಧ್ಯಾಯಗಳನ್ನು ತಿರುವಿದೆ. ತೆರೆಯ ಹಿಂದೆ ಇದ್ದುದು ಶವವಲ್ಲ, ಮೇಣದ ಬೊಂಬೆ. ಹಿಂದೊಮ್ಮೆ ಆ ದುರ್ಗದ ಒಡೆಯನಾಗಿದ್ದವನೊಬ್ಬನಿಗೆ, ದಿನವೂ ದಿಟ್ಟಿಸಿ ಮರ್ತ್ಯತೆಯನ್ನು ನೆನೆಯಲೆಂದು ಚರ್ಚು ವಿಧಿಸಿದ ಪ್ರಾಯಶ್ಚಿತ್ತಕ್ಕಾಗಿ, ಹುಳು ಹತ್ತಿದ ದೇಹದಂತೆ ಮಾಡಿಸಿದ್ದು. ಇದನ್ನು ಓದಿ ಮೋಸಹೋದೆವೆಂದು ಮುನಿದ ಓದುಗರು ಅನೇಕರು. ನಾನು ಮುನಿಯಲಿಲ್ಲ, ಇಪ್ಪತ್ತೈದು ವರ್ಷ ನನ್ನೊಡನಿದ್ದ ತೆರೆ ಅಷ್ಟೊಂದು ಹಗುರವಾಗಿ ಸರಿದುದಕ್ಕೆ ಸ್ವಲ್ಪ ಹೊತ್ತು ಮನಸ್ಸು ಬರಿದಾಯಿತು, ಅಷ್ಟೆ.

ಮನೆಗೆ ಬಂದು ಸಂಪುಟವನ್ನು ಮೊದಲಿನಿಂದ ಓದಿದೆ. ಅತ್ತೆಯ ಮರಣದ ಪ್ರಕರಣಕ್ಕೆ ಬಂದಾಗ ಚಿಕ್ಕಜ್ಜಿಯ ಪ್ರಶ್ನೆ ಕಿವಿಯಲ್ಲಿ ನುಡಿಯಿತು. ವಿಧವೆಗೆ ಗಂಡನ ಪಾಲಿನಲ್ಲಿ ಹಕ್ಕು ಕೊಟ್ಟ ಹಿಂದೂ ಸ್ತ್ರೀಯರ ಹಕ್ಕಿನ ಶಾಸನ ಮೈಸೂರು ಸಂಸ್ಥಾನದಲ್ಲಿ ಬಂದುದು 1933ರಲ್ಲಿ. ಅದಕ್ಕೆ ಬಹುಕಾಲ ಮುಂಚೆಯೇ, ಆ ಹನ್ನೊಂದು ವರ್ಷದ ಹುಡುಗಿಯಿಂದ ಗಂಡನ ಮನೆಯವರು ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಎತ್ತಿನ ಗಾಡಿಯಲ್ಲಿ ತವರಿಗೆ ಕಳುಹಿಸಿದ್ದರೆಂಬುದನ್ನು ತಾಯಿ ನನಗೆ ಹೇಳಿದುದು ಚಿಕ್ಕಜ್ಜಿಯ ವೈಕುಂಠಸಮಾರಾಧನೆಯ ಸಂಜೆ.

ಎಮಿಲಿಯ ಅತ್ತೆ ಗೋಪುರದ ಸೆರೆಯಲ್ಲಿ ಜ್ವರ ಹಿಡಿದು, ಎಲುಬಿನ ಹಂದರವಾಗಿ ಸತ್ತಳು. ಕಾಗದ ಹಾಗೆಯೇ ಉಳಿಯಿತು. ಚಿಕ್ಕಜ್ಜಿ, ಆಕೆ ರುಜು ಹಾಕಲಿಲ್ಲ.