ಇಳಿವಯಸ್ಸಿನ ಬೆಳವಣಿಗೆ

ರಾತ್ರಿಯಲ್ಲಿ ಹಿತ್ತಿಲ ಬಾಗಿಲ ಅಗುಳಿ ಮೂರು ನಾಲ್ಕು ಬಾರಿ ಸದ್ದು ಮಾಡುವುದು. ಹಿರಿಯರು ಎದ್ದರೆಂದು ಮನೆಯವರೆಲ್ಲರೂ ಬಲ್ಲರು. ಬೆಳಗ್ಗೆ ಅವರು ಏನೂ ಹೇಳರು, ಮಕ್ಕಳೂ ಕೇಳರು.

ಮುಪ್ಪಿನಲ್ಲಿ ಮೈಯೆಲ್ಲ ಕುಗ್ಗುತ್ತಿರಲು, ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ಮಾತ್ರ ಬೆಳೆಯತೊಡಗುವುದು ವಿಚಿತ್ರವೇ ಸರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಇದರ ಗುರುತು ಕಾಣುವುದು. ಪುರುಷ ಹಾರ್ಮೋನು ಇಲ್ಲದೆ ಈ ಬೆಳವಣಿಗೆ ನಡೆಯದು. ಆದರೂ ವಯಸ್ಸಾದಂತೆ ರಕ್ತದಲ್ಲಿ ಅದು ಹೆಚ್ಚುವುದೂ ಇಲ್ಲ. ಹಾಗಾದರೆ ಬೆಳೆಸುವವರಾರು? ಆ ಹಾರ್ಮೋನಿನ ಆಜ್ಞೆಯನ್ನು ಗ್ರಂಥಿಯೊಳಗೆ ನಡೆಸುವುವು ಬೆಳವಣಿಗೆಯ ಕಾರಕಗಳೆಂಬ ಪ್ರೋಟೀನುಗಳು. ಒಂದು ಜೀವಕೋಶ ಇವುಗಳನ್ನು ಸುರಿಸಿ ನೆರೆಯ ಕೋಶಕ್ಕೆ ಸುದ್ದಿ ಮುಟ್ಟಿಸುವುದು. ಕೆಲವು ‘ಬೆಳೆ’ ಎನ್ನುವುವು. ಕೆಲವು ‘ಸಾಕು’ ಎಂದು ತಡೆಯುವುವು. ಈ ತೂಕ ತಪ್ಪಿದಾಗ, ಹುಟ್ಟುವ ಕೋಶಗಳಿಗಿಂತ ಸಾಯುವ ಕೋಶಗಳು ಕಡಮೆಯಾಗಿ, ಗ್ರಂಥಿ ಉಬ್ಬುವುದು. ಗರ್ಭದಲ್ಲಿ ಗ್ರಂಥಿಯನ್ನು ರೂಪಿಸಿದ ಶಕ್ತಿಯೇ ಇಳಿವಯಸ್ಸಿನಲ್ಲಿ ಮತ್ತೆ ಎಚ್ಚೆತ್ತಿತೆಂದು ಅಮೆರಿಕದ ಜಾನ್ ಮ್ಯಾಕ್‌ನೀಲ್ ಎಂಬ ರೋಗಶಾಸ್ತ್ರಜ್ಞರು 1978ರಲ್ಲಿ ಊಹಿಸಿದರು.

ಇದು ಕ್ಯಾನ್ಸರ್ ಅಲ್ಲ. ಹಿರಿಯರ ತಪ್ಪಂತೂ ಅಲ್ಲವೇ ಅಲ್ಲ. ಆದರೆ ನಾಚಿ ಮರೆಮಾಡಿದರೆ ಮೂತ್ರ ಕಟ್ಟಿಕೊಂಡು ಮೂತ್ರಪಿಂಡಗಳಿಗೂ ಕೇಡು ತಟ್ಟೀತು. ಇಷ್ಟನ್ನು ತಿಳಿದ ಮಗನು ಒಂದು ಬೆಳಗ್ಗೆ, “ಅಪ್ಪಾ, ವೈದ್ಯರಲ್ಲಿಗೆ ಹೋಗಿಬರೋಣ” ಎಂದನು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಎದ್ದು ಅಂಗವಸ್ತ್ರವನ್ನು ಹೆಗಲಿಗೆ ಹಾಕಿಕೊಂಡರು.