ಬದುವಿಗೆ ಬಿಟ್ಟ ನೆಲ

ಕೆಲವು ವರ್ಷಗಳ ಹಿಂದೆ, ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾದಿನ, ನಾನು ಕರ್ಜಗಿಯಲ್ಲಿ ಬಾಲ್ಯದ ಗೆಳೆಯರೊಬ್ಬರ ಮನೆಯಲ್ಲಿದ್ದೆ. ಮನೆಯ ಮಕ್ಕಳು ಹೊಲದಿಂದ ತಂದ ಎರೆಮಣ್ಣನ್ನು ನಾದಿ ಪುಟ್ಟ ಎತ್ತುಗಳನ್ನು ಮಾಡುತ್ತಿದ್ದರು. ಮರುದಿನ ಅವಕ್ಕೆ ಪೂಜೆ. ಮಣ್ಣನ್ನು ಇಷ್ಟು ಗೌರವದಿಂದ ಮನೆಯೊಳಗೆ ಕರೆತರುವ ಜನ ನಮ್ಮವರು ಎಂದು ನನಗೆ ಹೆಮ್ಮೆಯೆನಿಸಿತು.

ಆ ರಾತ್ರಿ ಒಂದು ತಾಸು ಬಿರುಮಳೆ ಸುರಿಯಿತು. ಬೆಳಿಗ್ಗೆ ಗೆಳೆಯರೊಂದಿಗೆ ಹೊಲಕ್ಕೆ ಹೋದೆ. ಬಿತ್ತಿ ವಾರವಾಗಿದ್ದ ಗೋವಿನಜೋಳದ ಸಾಲುಗಳ ನಡುವೆ ನೀರು ಕೊರಕಲುಗಳನ್ನು ತೆಗೆದಿತ್ತು. ಹಳ್ಳದಲ್ಲಿ ಕಪ್ಪು ನೀರು ಹರಿಯುತ್ತಿತ್ತು. ಮಕ್ಕಳು ಹಿಡಿಯಷ್ಟು ಮಣ್ಣನ್ನು ಜಗಲಿಯ ಮೇಲೆ ಕೂರಿಸಿದ್ದರೆ, ಬಂಡಿಗಟ್ಟಲೆ ಮಣ್ಣು ಯಾರಿಗೂ ಹೇಳದೆ ಊರು ಬಿಟ್ಟು ಹೋಗುತ್ತಿತ್ತು.

ಗೆಳೆಯರು ತಮ್ಮ ಹೊಲಕ್ಕೂ ಕೆಳಗಿನ ತಮ್ಮನ ಹೊಲಕ್ಕೂ ನಡುವಿದ್ದ ಬದುವನ್ನು ತೋರಿಸಿದರು. ಅದು ಗೇಣಗಲದ ಗೆರೆಯಾಗಿತ್ತು. ನಡುವೆ ಎರಡು ಕಡೆ ಒಡೆದಿತ್ತು.

“ನಮ್ಮಪ್ಪನ ಕಾಲಕ್ಕ ಇದರ ಮ್ಯಾಲೆ ಮೇವಿನ ಹೊರಿ ಹೊತ್ತು ಇಬ್ರು ಜೋಡೀಲೆ ಹೋಗ್ತಿದ್ರು ಫಾದರ್. ಪಾಲಾದ ಮ್ಯಾಲೆ ಅವ ಒಂದು ಸಾಲು ಒಳಗ ಹೊಡದ, ನಾನೂ ಒಂದು ಸಾಲು ಹೊಡದೆ” ಎಂದರು. ಅಣ್ಣತಮ್ಮಂದಿರಲ್ಲಿ ಮಾತು ನಿಂತು ಆರು ವರ್ಷಗಳಾಗಿದ್ದವು.

ನಾನೂ ರೈತನ ಮಗನೇ. ನಮ್ಮ ಹೊಲದಲ್ಲೂ ಬದುವನ್ನು ಸವರಿ ಒಂದು ಸಾಲು ಹೆಚ್ಚು ಬಿತ್ತಿದ ದಿನ ಹುಡುಗನಾಗಿದ್ದ ನನಗೆ ಏನೋ ಗೆದ್ದಂತೆ ಅನಿಸಿದ್ದು ನೆನಪಿದೆ. ಆ ಗೆಲುವಿನ ಲೆಕ್ಕವನ್ನು ಈಗ ಮಾಡಿ ನೋಡುತ್ತೇನೆ. ಒಂದು ಎಕರೆಯಿಂದ ಕೇವಲ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಅದು 4 ಘನ ಮೀಟರ್, ಒಂದು ಟ್ರ್ಯಾಕ್ಟರ್ ಟ್ರೇಲರಿಗೂ ಮಿಕ್ಕ ಮಣ್ಣು. ಅಷ್ಟು ಹೋದರೂ ಕಣ್ಣಿಗೆ ಹೊಲ ನಿನ್ನೆಯಂತೆಯೇ ಕಾಣುತ್ತದೆ. ಹೋಗುವುದು ಗೊಬ್ಬರ ಉಂಡ ಮೇಲ್ಮಣ್ಣು. ಅದು ಒಂದು ಇಂಚು ಬೆಳೆಯಲು ನೂರಾರು ವರ್ಷ ಬೇಕು.

ಎರೆಮಣ್ಣಿನ ಸ್ವಭಾವವೂ ವಿಚಿತ್ರ. ಮೊದಲು ಬಿರುಕುಗಳಲ್ಲಿ ನೀರು ಕುಡಿಯುತ್ತದೆ. ನೆನೆದೊಡನೆ ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆಯೆಲ್ಲ ಮೇಲಿಂದಲೇ ಹರಿಯುತ್ತದೆ. ಹಿಂದೆ ಜೋಳದ ನಡುವೆ ತೊಗರಿ, ಹೆಸರಿನ ಅಕ್ಕಡಿ ಸಾಲುಗಳಿದ್ದು ನೆಲಕ್ಕೆ ಹೊದಿಕೆಯಾಗುತ್ತಿದ್ದವು. ಈಗ ಎಲ್ಲೆಲ್ಲೂ ಗೋವಿನಜೋಳವೊಂದೇ; ಮುಂಗಾರಿನ ಮೊದಲ ವಾರಗಳಲ್ಲಿ ಸಾಲುಗಳ ನಡುವಿನ ನೆಲ ಬರಿದು. ಟ್ರ್ಯಾಕ್ಟರ್ ಹೊರಳಿಸಲು ಅನುಕೂಲವೆಂದು ಇಳಿಜಾರಿನುದ್ದಕ್ಕೂ ಉತ್ತರೆ ಪ್ರತಿ ಸಾಲೂ ನೀರಿಗೆ ಕಾಲುವೆಯಾಗುತ್ತದೆ. ಅಡ್ಡಲಾಗಿ ಉತ್ತರೆ ಅದೇ ಸಾಲು ಒಂದು ಪುಟ್ಟ ಒಡ್ಡಾಗುತ್ತದೆ.

ಹೊಲ ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆ? ಹಳ್ಳದಿಂದ ವರದಾ ನದಿಗೆ, ಗಳಗನಾಥದಲ್ಲಿ ತುಂಗಭದ್ರೆಗೆ, ಅಲ್ಲಿಂದ ಹೊಸಪೇಟೆಯ ಜಲಾಶಯಕ್ಕೆ. 1953ರಲ್ಲಿ ನೀರು ತುಂಬಲು ಆರಂಭಿಸಿದ ಆ ಜಲಾಶಯದ ಸಾಮರ್ಥ್ಯ ಆಗ ಸುಮಾರು 133 ಟಿಎಂಸಿ. 2016ರ ಸಮೀಕ್ಷೆಯಲ್ಲಿ ಅದು ಸುಮಾರು 105ಕ್ಕೆ ಇಳಿದಿತ್ತು. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಅದರಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹೊಲಗಳ ಪಾಲೂ ಇದೆ. ಇಲ್ಲಿ ನಾವು ಕಳೆದುಕೊಂಡದ್ದು ಅಲ್ಲಿನ ರೈತರ ನೀರಿನ ಜಾಗವನ್ನೂ ಕಸಿಯುತ್ತಿದೆ.

ಉಪಾಯ ಗೊತ್ತಿಲ್ಲವೆಂದಲ್ಲ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಹಾವೇರಿಯೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಮುಂದೆ ಉದ್ಯೋಗ ಖಾತ್ರಿಯಡಿಯಲ್ಲೂ ಬದು ಹಾಕಿಸಲಾಯಿತು. ಜಲಾನಯನದ ಪಾಠ ಸರಳ: ಕೆಲಸ ದಿಬ್ಬದಿಂದ ಇಳಿಜಾರಿಗೆ ಸಾಗಬೇಕು, ಮೇಲಿನವನೂ ಕೆಳಗಿನವನೂ ಕೂಡಬೇಕು. ಬದುವಿನ ಮೇಲೆ ಹುಲ್ಲು ಬೇರೂರಬೇಕು, ಹೆಚ್ಚಿನ ನೀರು ಇಳಿಯಲು ಕಲ್ಲಿನ ಕೋಡಿ ಇರಬೇಕು. ಆದರೆ ಸರಕಾರ ಹಾಕಿದ ಬದುವನ್ನು ಉಳಿಸುವುದು ಅಥವಾ ಸವರುವುದು ರಂಟೆ ಹಿಡಿದ ಕೈಗೆ ಬಿಟ್ಟದ್ದು.

ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚುತ್ತಾ, ಮನುಷ್ಯ ಮಣ್ಣಿನವನೆಂದು ಎಷ್ಟೋ ವರ್ಷಗಳಿಂದ ನೆನಪಿಸುತ್ತ ಬಂದಿದ್ದೇನೆ. ಆದರೂ ಆ ಬೆಳಿಗ್ಗೆ ಗೆಳೆಯರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. “ತಮ್ಮನ ಹತ್ತಿರ ಒಮ್ಮೆ ಮಾತಾಡಿ” ಎಂದಷ್ಟೇ ಹೇಳಿ ಬಂದೆ.

ಮರುವರ್ಷ ಬೇಸಿಗೆಯಲ್ಲಿ ಹೋದಾಗ ಅಲ್ಲಿ ಮೊಣಕಾಲೆತ್ತರದ ಹೊಸ ಬದು ನಿಂತಿತ್ತು. “ತಮ್ಮ ಒಪ್ಪಿದರೇ?” ಎಂದು ಸಂತೋಷದಿಂದ ಕೇಳಿದೆ.

“ಕೇಳಾಕ ಹೋಗ್ಲಿಲ್ರಿ ಫಾದರ್. ಅವನ ಕಡೀಂದ ಎರಡು ಅಡಿ, ನನ್ನ ಕಡೀಂದ ಎರಡು ಅಡಿ ಅಂತ ಕುಂತಿದ್ರ ಇನ್ನೊಂದು ಮಳಿಗಾಲ ಹೋಗ್ತಿತ್ತು. ನಾಲ್ಕೂ ಅಡಿ ನನ್ನ ಹೊಲದಾಗ ಬಿಟ್ಟೆ.”

ಇನ್ನೂರೈವತ್ತು ಅಡಿ ಉದ್ದದ ಬದು. ನಾಲ್ಕು ಅಡಿ ಅಗಲ ಬಿಟ್ಟರೂ ಹೋದದ್ದು ಒಂದು ಗುಂಟೆಗೂ ಕಡಿಮೆ. ಉಳಿದದ್ದು ಎರಡು ಹೊಲಗಳ ಮಣ್ಣು. ಮೇಲಿನ ಹೊಲದವರು ತಡೆದ ನೀರಿನಿಂದ ಮೊದಲು ಬದುಕುವುದು ಕೆಳಗಿನ ಹೊಲವೇ.

ತಮ್ಮ ಇನ್ನೂ ಅಣ್ಣನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಅವರು ಹೊಲವನ್ನು ಉತ್ತಾಗ ಬದುವಿನ ಬುಡಕ್ಕೆ ರಂಟೆ ತಾಗಿಸಿರಲಿಲ್ಲ. ತಮ್ಮ ಮಗ್ಗುಲಿಗೂ ಒಂದು ಮೊಳ ನೆಲವನ್ನು ಹುಲ್ಲಿಗೆಂದು ಹಾಗೆಯೇ ಬಿಟ್ಟಿದ್ದರು.