ನೇಮವೂ ಕಾಯವೂ

ಎಲ್ಲ ಜೀವಿಗಳಲ್ಲಿ ದಯೆಯಿರಲೆಂದು ಬೋಧಿಸಿದ ಬಸವಣ್ಣನವರು ದೇಹವನ್ನೂ ದೇಗುಲವಾಗಿ ಕಂಡವರು. ಪ್ರಾಣಿಗೆ ದಯೆ ತೋರುವವನು ತನ್ನ ದೇಗುಲವನ್ನು ಪಾಳುಗೆಡವಬಾರದು. ಇಷ್ಟಲಿಂಗ ದೀಕ್ಷೆ ಪಡೆದು ಮಾಂಸಾಹಾರವನ್ನು ತೊರೆಯುವವರು ಮೊದಲು ಅರಿಯಬೇಕಾದುದು ಇದನ್ನೇ.

ನಡುವಯಸ್ಸಿನಲ್ಲಿ ದೀಕ್ಷೆ ಪಡೆದ ರೈತರೊಬ್ಬರು ಮಾಂಸ, ಮೊಟ್ಟೆಗಳನ್ನು ಬಿಟ್ಟರು. ಆ ಜಾಗಕ್ಕೆ ಬೇರೇನನ್ನೂ ತರಲಿಲ್ಲ. ಅನ್ನ, ತಿಳಿಸಾರು, ಊಟವಾದೊಡನೆ ಚಹಾ, ಇಷ್ಟೇ. ವರ್ಷದೊಳಗೆ ಮೈಸೋತು ಕಾಯಕ ನಿಂತಿತು. ನೆರೆಯವರು ನೇಮವನ್ನೇ ದೂರಿದರು. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆ ಕಂಡಿತು. ದೋಷವಿದ್ದುದು ನೇಮದಲ್ಲಲ್ಲ, ತಟ್ಟೆಯಲ್ಲಿ.

ಪರಿಹಾರದ ಬಹುಪಾಲು ಮನೆಯಲ್ಲೇ ಇತ್ತು. ಜೋಳದ ರೊಟ್ಟಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಕಾಳುಗಳಲ್ಲಿ ಹೇರಳ. ಎರಡೂ ಕೂಡಿದರೆ ಪ್ರೋಟೀನು ಪೂರ್ಣವಾಗುತ್ತದೆ. ಮೊಳಕೆ ಬರಿಸಿದ ಮಡಕಿ, ಹೆಸರುಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಸೇರುತ್ತದೆ. ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಚಹಾವನ್ನು ಒಂದೆರಡು ಗಂಟೆ ಮುಂದೂಡಿ, ವೈದ್ಯರಿತ್ತ ಮಾತ್ರೆಗಳನ್ನೂ ಸೇವಿಸಿ ಆ ರೈತರು ಮರಳಿ ಹೊಲಕ್ಕಿಳಿದರು.

ಬಿ12 ಜೀವಸತ್ವದ ಮಾತು ಬೇರೆ. ಕಾಳು, ಸೊಪ್ಪುಗಳಿಂದ ಅದು ದೊರೆಯದು, ಹಾಲು, ಮೊಸರುಗಳಲ್ಲಿದೆ. ಯಕೃತ್ತಿನಲ್ಲಿ ಅದರ ಸಂಗ್ರಹ ವರ್ಷಗಟ್ಟಲೆ ಉಳಿಯುವುದರಿಂದ ಕೊರತೆ ತಡವಾಗಿ ತೋರುತ್ತದೆ. ಅಂಗಾಲು ಜುಮ್ಮೆನ್ನುವುದು, ಮರೆವು ಕಂಡರೆ ಪರೀಕ್ಷೆ ಅಗತ್ಯ. ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ಸೇವಿಸುವುದು ಲೇಸು.

ಮಾತ್ರೆ ನುಂಗಿದರೆ ನೇಮ ಕೆಡದು. ಕಾಯಕಕ್ಕೆ ಕಾಯ ಬೇಕು. ದಾಸೋಹಕ್ಕೆ ದುಡಿಯುವ ಕೈ ಬೇಕು.